ಇತ್ಸಿಂಗನ ವಿದ್ಯಾರ್ಥಿದಶೆ: ಅಧ್ಯಯನವೂ ಶುಶ್ರೂಷೆಯೂ

ವಿದ್ಯೆಯನ್ನು ಪಡೆಯುವುದಕ್ಕೆ ಗುರುಶುಶ್ರೂಷೆ, ವಿಪುಲವಾದ ಧನ, ವಿದ್ಯೆಗೆ ಪ್ರತಿಯಾಗಿ ವಿದ್ಯೆ ಎಂಬ ಮೂರೇ ಮಾರ್ಗಗಳುಂಟೆಂದೂ ನಾಲ್ಕನೆಯದಿಲ್ಲವೆಂದೂ ಹೇಳುವ ಸುಭಾಷಿತವು ಸಂಸ್ಕೃತ ಪಾಠಶಾಲೆಗಳಲ್ಲಿ ಬಾಲಕರ ಬಾಯಲ್ಲಿಯೂ ಕೇಳಬರುವಂತಹುದು. ಈ ಮೂರರಲ್ಲಿ ಮೊದಲನೆಯದಾದ ಶುಶ್ರೂಷೆಗೆ ನಮ್ಮ ಪ್ರಾಚೀನ ವಾಙ್ಮಯದಲ್ಲಿ ನಿದರ್ಶನಗಳು ಹೇರಳವಾಗಿವೆ. ಸತ್ಯಕಾಮ ಜಾಬಾಲನು ಬಡಕಲಾದ ನಾನೂರು ಹಸುಗಳನ್ನು ಅಡವಿಗೆ ಹೊಡೆದುಕೊಂಡು ಹೋಗಿ, ಅವು ಸಾವಿರವಾಗುವ ತನಕ ಗುರುಕುಲಕ್ಕೆ ಹಿಂದಿರುಗಲಿಲ್ಲವೆಂದು ಛಾಂದೋಗ್ಯದಲ್ಲಿದೆ. ಆರುಣಿಯು ಒಡೆದುಹೋದ ಗದ್ದೆಯ ಬದುವಿಗೆ ತನ್ನ ಮೈಯನ್ನೇ ಅಡ್ಡವಾಗಿಟ್ಟು ನೀರನ್ನು ತಡೆದನೆಂದು ಮಹಾಭಾರತದ ಆದಿಪರ್ವದಲ್ಲಿದೆ. ಇವು ಆಖ್ಯಾನಗಳು, ಆದರ್ಶವನ್ನು ತೋರಿಸತಕ್ಕವು. ಧರ್ಮಸೂತ್ರಗಳಾದರೋ ಬ್ರಹ್ಮಚಾರಿಯು ಏನು ಮಾಡಬೇಕೆಂಬುದನ್ನು ವಿಧಿಸುತ್ತವೆಯೇ ಹೊರತು, ಇಂತಹ ಕಾಲದಲ್ಲಿ ಇಂತಹ ಸ್ಥಳದಲ್ಲಿ ಆತನು ಏನು ಮಾಡುತ್ತಿದ್ದನೆಂಬುದನ್ನು ತಿಳಿಸುವುದಿಲ್ಲ. ವಿದ್ಯಾರ್ಥಿಯ ದಿನಚರಿಯು ಹೇಗಿದ್ದಿತು, ಅವನ ಅನ್ನವಸ್ತ್ರಗಳು ಎಲ್ಲಿಂದ ಬರುತ್ತಿದ್ದುವು, ಅವನು ಮಾಡುತ್ತಿದ್ದ ಸೇವೆಗೆ ಪ್ರತಿಯಾಗಿ ಗುರುವು ಅವನಿಗೆ ಏನಾಗಿದ್ದನು ಎಂಬ ಪ್ರಶ್ನೆಗಳಿಗೆ ಉತ್ತರ ಬೇಕಾದರೆ, ಹೊರಗಿನಿಂದ ಬಂದು, ಒಳಗಿದ್ದು ಕಲಿತು, ಕಂಡುದನ್ನು ಕಂಡಂತೆ ಬರೆದಿಟ್ಟ ಸಾಕ್ಷಿಯೊಬ್ಬನು ಬೇಕು. ಅಂತಹ ಸಾಕ್ಷಿಯು ಕ್ರಿ. ಶ. ೭ನೆಯ ಶತಮಾನದ ಚೀನದೇಶದ ಭಿಕ್ಷು ಇತ್ಸಿಂಗನು.

ಇತ್ಸಿಂಗನ ಹೆಸರು ಸಂಸ್ಕೃತ ವಿದ್ವಾಂಸರಿಗೆ ಅಪರಿಚಿತವಲ್ಲ. ಆದರೆ ಅವನ ಗ್ರಂಥವನ್ನು ತೆರೆಯುವವರಲ್ಲಿ ಹೆಚ್ಚಿನವರು ಭರ್ತೃಹರಿಯ ಕಾಲಕ್ಕಾಗಿ, ಇಲ್ಲವೆ ಕಾಶಿಕಾವೃತ್ತಿಯ ಕಾಲಕ್ಕಾಗಿ ಒಂದೆರಡು ಪುಟಗಳನ್ನು ನೋಡಿ ಮುಚ್ಚಿಬಿಡುವುದು ವಾಡಿಕೆ. ಆ ಒಂದೆರಡು ಪುಟಗಳೇ ಅವನ ಗ್ರಂಥದಲ್ಲಿ ಅತ್ಯಂತ ದುರ್ಬಲವಾದ ಭಾಗವೆಂಬುದೂ, ಯಾರೂ ಅಷ್ಟಾಗಿ ಲಕ್ಷಿಸದ ವಿದ್ಯಾರ್ಥಿಜೀವನದ ವರ್ಣನೆಯೇ ಅದರಲ್ಲಿ ಅತ್ಯಂತ ಪ್ರಬಲವಾದ ಭಾಗವೆಂಬುದೂ ಪ್ರಕೃತ ಲೇಖನದ ಪ್ರತಿಪಾದ್ಯವಿಷಯ.

೧

ಇತ್ಸಿಂಗನು ಕ್ರಿ. ಶ. ೬೩೫ರಲ್ಲಿ, ತಾಂಗ್ ವಂಶದವರು ಚೀನದಲ್ಲಿ ಆಳುತ್ತಿದ್ದಾಗ ಜನಿಸಿದನು. ಬಾಲ್ಯದಲ್ಲಿಯೇ ವಿಹಾರವನ್ನು ಸೇರಿದ ಅವನಿಗೆ ಇಬ್ಬರು ಗುರುಗಳು. ಒಬ್ಬನು ಷಾನ್-ಯೂ, ಮತ್ತೊಬ್ಬನು ಹುಯಿ-ಸಿ. ಇವರಲ್ಲಿ ಮೊದಲನೆಯವನು ಶಿಷ್ಯನ ಹನ್ನೆರಡನೆಯ ವಯಸ್ಸಿನಲ್ಲಿ ತೀರಿಕೊಂಡನು. ಎರಡನೆಯವನ ಬಳಿ ಉಪಸಂಪದೆಯನ್ನು ಪಡೆದು ಇತ್ಸಿಂಗನು ವಿನಯಶಾಸ್ತ್ರವನ್ನು, ಎಂದರೆ ಭಿಕ್ಷುಗಳ ಆಚಾರಸಂಹಿತೆಯನ್ನು, ಐದು ವರ್ಷ ಅಭ್ಯಾಸಮಾಡಿದನು. ಭರತಖಂಡಕ್ಕೆ ಹೋಗಿ ಮೂಲಗ್ರಂಥಗಳನ್ನು ಓದಬೇಕೆಂಬ ಸಂಕಲ್ಪವು ಅವನಲ್ಲಿ ಹದಿನೆಂಟನೆಯ ವಯಸ್ಸಿನಲ್ಲಿಯೇ ಹುಟ್ಟಿತು. ಅದು ನೆರವೇರಿದುದು ಮೂವತ್ತೇಳನೆಯ ವಯಸ್ಸಿನಲ್ಲಿ. ನಡುವಣ ಹತ್ತೊಂಬತ್ತು ವರ್ಷಗಳ ಕಾಲ ಆ ಸಂಕಲ್ಪವನ್ನು ಆರಗೊಡದೆ ಕಾಪಾಡಿಕೊಂಡು ಬಂದುದೇ ಅವನ ಸ್ವಭಾವಕ್ಕೆ ಸಾಕಷ್ಟು ದೃಷ್ಟಾಂತವಾಗಿದೆ.

ಕ್ರಿ. ಶ. ೬೭೦ರಲ್ಲಿ ಚಾಂಗ್-ಆನ್ ನಗರದಲ್ಲಿ ಅವನೊಡನೆ ಹೊರಡುವುದಾಗಿ ಕೆಲವರು ಭಿಕ್ಷುಗಳು ಒಪ್ಪಿಕೊಂಡಿದ್ದರು. ಹೊರಡುವ ಹೊತ್ತಿಗೆ ಒಬ್ಬೊಬ್ಬರೇ ಹಿಂದೆಗೆದರು. ಒಬ್ಬನಿಗೆ ವೃದ್ಧಮಾತೆಯ ಚಿಂತೆ. ಮತ್ತೊಬ್ಬನ ಮನಸ್ಸು ಬೇರೆಯ ಸಾಧನೆಯ ಕಡೆಗೆ ತಿರುಗಿತು. ಹುಯಿ-ಸಿ ಮಾತ್ರ ಶಿಷ್ಯನನ್ನು ತಡೆಯಲಿಲ್ಲ. ಇಂತಹ ಸುಯೋಗವು ಎರಡನೆಯ ಸಲ ಬಾರದೆಂದು ಹೇಳಿ ಹರಸಿ ಕಳುಹಿದನು. ಹೊರಡುವುದಕ್ಕೆ ಮುನ್ನ ಇತ್ಸಿಂಗನು ಷಾನ್-ಯೂವಿನ ಸಮಾಧಿಗೆ ಹೋಗಿ ನಮಸ್ಕರಿಸಿ, ತನ್ನ ಉದ್ದೇಶವನ್ನು ಗತಿಸಿದ ಗುರುವಿಗೆ ಬಿನ್ನವಿಸಿಕೊಂಡನು. ೬೭೧ರ ಕೊನೆಯಲ್ಲಿ ಕ್ಯಾಂಟನ್ ರೇವಿನಿಂದ ಪಾರಸಿಕರ ಹಡಗೊಂದನ್ನೇರಿದಾಗ ಅವನ ಜೊತೆಗಿದ್ದವನು ಕಿರಿಯ ಭಿಕ್ಷುವೊಬ್ಬನೇ. ಆ ಕಿರಿಯನೂ ಶ್ರೀವಿಜಯದಲ್ಲಿ ರೋಗಪೀಡಿತನಾಗಿ ಸ್ವದೇಶಕ್ಕೆ ಮರಳಬೇಕಾಯಿತು. ಮುಂದಿನ ಪ್ರಯಾಣದಲ್ಲಿ ಇತ್ಸಿಂಗನು ಏಕಾಕಿ.

ಸುಮಾತ್ರದ್ವೀಪದ ಶ್ರೀವಿಜಯಕ್ಕೆ ಇಪ್ಪತ್ತು ದಿನಗಳೊಳಗಾಗಿ ತಲಪಿದ ಅವನು ಅಲ್ಲಿ ಆರು ತಿಂಗಳು ನಿಂತು ಶಬ್ದವಿದ್ಯೆಯ, ಎಂದರೆ ಸಂಸ್ಕೃತ ವ್ಯಾಕರಣದ, ಆರಂಭವನ್ನು ಮಾಡಿದನು. ಶ್ರೀವಿಜಯದ ಅರಸನು ಅವನಿಗೆ ನೆರವಾಗಿ ಮುಂದಕ್ಕೆ ಕಳುಹಿಸಿಕೊಟ್ಟನು. ಅರಸನ ಹಡಗಿನಲ್ಲಿಯೇ ಸಮುದ್ರವನ್ನು ದಾಟಿ, ಕಬ್ಬಿಣದ ಚೂರಿಗಾಗಿ ತೆಂಗಿನಕಾಯಿಗಳನ್ನು ತಂದುಕೊಡುತ್ತಿದ್ದ ನಗ್ನಜನರ ದ್ವೀಪವನ್ನು ಹಾದು, ೬೭೩ರ ಎರಡನೆಯ ತಿಂಗಳಲ್ಲಿ ವಂಗದೇಶದ ತಾಮ್ರಲಿಪ್ತಿಯಲ್ಲಿ ಇಳಿದನು. ಅಲ್ಲಿ ಅವನಿಗೆ ಸ್ವದೇಶದ ಹಿರಿಯನೊಬ್ಬನ ಸಮಾಗಮವಾಯಿತು. ಹ್ಯೂಯೆನ್ ತ್ಸಾಂಗನ ಶಿಷ್ಯನಾಗಿದ್ದು, ಮಹಾಯಾನಪ್ರದೀಪನೆಂಬ ಸಂಸ್ಕೃತನಾಮವನ್ನು ಧರಿಸಿ, ಅನೇಕ ವರ್ಷಗಳಿಂದ ಈ ದೇಶದಲ್ಲಿ ನೆಲೆಸಿದ್ದ ಭಿಕ್ಷು ಅವನು. ಇತ್ಸಿಂಗನು ಅವನ ಬಳಿ ಒಂದು ವರ್ಷವಿದ್ದು ಸಂಸ್ಕೃತಭಾಷೆಯನ್ನು ಕಲಿತನು. ಪರದೇಶಕ್ಕೆ ಹೊಸದಾಗಿ ಬಂದವನಿಗೆ ಮೊದಲು ಬಂದವನು ಗುರುವಾಗಿ ನಿಂತನೆಂಬುದು ಇಲ್ಲಿ ಗಮನಿಸತಕ್ಕ ಅಂಶ. ಈ ಋಣವನ್ನು ಅವನು ಮುಂದೆ ಹೇಗೆ ತೀರಿಸಿದನೆಂಬುದನ್ನು ಮುಂದೆ ನೋಡಬಹುದು.

ಮರುವರ್ಷ ಇಬ್ಬರೂ ನೂರಾರು ವರ್ತಕರ ಸಾರ್ಥದೊಡನೆ ಮಧ್ಯದೇಶಕ್ಕೆ ಹೊರಟರು. ಮಹಾಬೋಧಿಗೆ ಹತ್ತು ದಿನಗಳ ದಾರಿಯಿರುವಾಗ ಇತ್ಸಿಂಗನು ಕಾಯಿಲೆಬಿದ್ದನು. ಬೆಟ್ಟಗಳೂ ಜವುಗುನೆಲವೂ ತುಂಬಿದ ಆ ದಾರಿಯಲ್ಲಿ ಸಾರ್ಥವು ಅವನಿಗಾಗಿ ನಿಲ್ಲುವಂತಿರಲಿಲ್ಲ. ಹಿಂದುಳಿದ ಅವನನ್ನು ಸಂಜೆಯ ವೇಳೆಗೆ ಕಳ್ಳರು ಮುತ್ತಿ ಮೈಮೇಲಿನ ಬಟ್ಟೆಯನ್ನೂ ಬಿಡದೆ ಸುಲಿದುಕೊಂಡರು. ಆ ಸೀಮೆಯಲ್ಲಿ ಬಿಳಿಯ ಮೈಬಣ್ಣದವರನ್ನು ಹಿಡಿದು ದೇವತೆಗಳಿಗೆ ಬಲಿಕೊಡುವರೆಂಬ ಮಾತನ್ನು ಅವನು ಕೇಳಿದ್ದನು. ಆದಕಾರಣ ಕೆಸರಿನ ಗುಂಡಿಯಲ್ಲಿ ಹೊರಳಿ ಮೈಯೆಲ್ಲಾ ಬಳಿದುಕೊಂಡು, ಎಲೆಗಳನ್ನು ಹೊದೆದು, ಕೋಲೂರಿಕೊಂಡು ಮೆಲ್ಲಮೆಲ್ಲನೆ ನಡೆದು, ರಾತ್ರಿಯಲ್ಲಿ ಸಂಗಡಿಗರನ್ನು ಕೂಡಿಕೊಂಡನು. ಅವರು ಅವನಿಗೆ ಹೊದೆಯಲು ವಸ್ತ್ರವನ್ನು ಕೊಟ್ಟರು. ನಾಲಂದೆಯ ವಿದ್ಯಾಮಂದಿರವನ್ನು ಆತನು ಪ್ರವೇಶಿಸಿದುದು ಇಂತಹ ಅವಸ್ಥೆಯನ್ನು ದಾಟಿದ ಮೇಲೆ.

೨

ನಾಲಂದೆಯಲ್ಲಿ ಇತ್ಸಿಂಗನು ಕ್ರಿ. ಶ. ೬೭೫ರಿಂದ ೬೮೫ರ ವರೆಗೆ, ಹತ್ತು ವರ್ಷಗಳ ಕಾಲ ಇದ್ದನು. ಆ ಕಾಲದಲ್ಲಿ ಕರ್ಣಾಟಕವನ್ನು ಬಾದಾಮಿಯ ಚಾಲುಕ್ಯರಾದ ೧ನೆಯ ವಿಕ್ರಮಾದಿತ್ಯನೂ ಅವನ ತರುವಾಯ ವಿನಯಾದಿತ್ಯನೂ ಆಳುತ್ತಿದ್ದರೆಂದರೆ ಕನ್ನಡಿಗರಿಗೆ ಆ ಕಾಲವು ಮನಸ್ಸಿಗೆ ಹತ್ತಿರವಾದೀತು. ನಾಲಂದೆಯಲ್ಲಿ ಮೂರು ಸಾವಿರಕ್ಕೆ ಮಿಕ್ಕಿ ಭಿಕ್ಷುಗಳಿದ್ದರೆಂದೂ, ಎಂಟು ಶಾಲೆಗಳೂ ಮುನ್ನೂರು ಕೊಠಡಿಗಳೂ ಇದ್ದುವೆಂದೂ, ಹಿಂದಿನ ಅರಸರು ಬಿಟ್ಟ ಇನ್ನೂರಕ್ಕೆ ಮೇಲ್ಪಟ್ಟ ಗ್ರಾಮಗಳ ಉತ್ಪನ್ನವು ಅದಕ್ಕೆ ಸಲ್ಲುತ್ತಿದ್ದಿತೆಂದೂ ಅವನು ಬರೆದಿದ್ದಾನೆ. ಜಲಘಟಿಕೆಯಿಂದ ಹೊತ್ತನ್ನು ಅಳೆಯುತ್ತಿದ್ದರು. ಬೆಳಗ್ಗೆ ಘಂಟೆಯಾದೊಡನೆ ಭಿಕ್ಷುಗಳು ನೂರಾರು ಮಂದಿಯಾಗಿ ವಿಹಾರದ ಸುತ್ತಣ ಕೊಳಗಳಿಗೆ ಸ್ನಾನಕ್ಕೆ ಹೋಗುತ್ತಿದ್ದರು. ಇವೆಲ್ಲ ಹೊರಗಣ ಸಂಗತಿಗಳು. ಒಳಗಣ ವ್ಯವಸ್ಥೆಯನ್ನು ಕುರಿತು ಅವನು ಹೇಳುವುದು ಇನ್ನೂ ಮುಖ್ಯವಾದುದು.

ವಿಹಾರಗಳಲ್ಲಿ ಭಿಕ್ಷುಗಳಲ್ಲದ ವಿದ್ಯಾರ್ಥಿಗಳು ಎರಡು ಬಗೆಯಾಗಿದ್ದರು. ಬೌದ್ಧಗ್ರಂಥಗಳನ್ನು ಓದುತ್ತ, ಮುಂದೆ ಪ್ರವ್ರಜ್ಯೆಯನ್ನು ಪಡೆಯುವ ಉದ್ದೇಶವುಳ್ಳವರು ಮಾಣವರು. ಸಂಸಾರವನ್ನು ಬಿಡುವ ಉದ್ದೇಶವಿಲ್ಲದೆ ಲೌಕಿಕ ವಿದ್ಯೆಗಳನ್ನು ಮಾತ್ರ ಕಲಿಯುವುದಕ್ಕೆ ಬಂದವರು ಬ್ರಹ್ಮಚಾರಿಗಳು. ಈ ಎರಡು ತಂಡದವರೂ ವಿಹಾರದಲ್ಲಿಯೇ ವಾಸವಾಗಿದ್ದರೂ ತಮ್ಮ ಊಟದ ವೆಚ್ಚವನ್ನು ತಾವೇ ನೋಡಿಕೊಳ್ಳಬೇಕಾಗಿದ್ದಿತು. ದಾನಿಗಳು ಸಂಘಕ್ಕೆಂದು ಬಿಟ್ಟ ಆಸ್ತಿಯಿಂದ ಅವರಿಗೆ ಅನ್ನವನ್ನಿಡುವುದು ನಿಷಿದ್ಧವಾಗಿದ್ದಿತು. ಆದರೆ ಇದಕ್ಕೊಂದು ಅಪವಾದವಿದ್ದಿತು. ಯಾವ ವಿದ್ಯಾರ್ಥಿಯು ಸಂಘದ ಕೆಲಸದಲ್ಲಿ ಮೈಮುರಿದು ದುಡಿಯುವನೋ ಅವನಿಗೆ, ಅವನ ದುಡಿಮೆಗೆ ತಕ್ಕಂತೆ, ಸಂಘದಿಂದಲೇ ಅನ್ನವು ಸಲ್ಲಬಹುದು. ಸುಭಾಷಿತದಲ್ಲಿ ಹೇಳಿದ ಧನಮಾರ್ಗ, ಶುಶ್ರೂಷಾಮಾರ್ಗ ಎಂಬ ಎರಡೂ ಒಂದೇ ಛಾವಣಿಯ ಕೆಳಗೆ ನಿಯಮಬದ್ಧವಾಗಿ ನಡೆಯುತ್ತಿದ್ದುವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪ್ರಮಾಣವು ದೊರೆಯುವುದು ಕಷ್ಟ. ಹಣವಿಲ್ಲದವನಿಗೆ ಬಾಗಿಲು ಮುಚ್ಚಿರಲಿಲ್ಲ. ಕೈಯಲ್ಲಿ ಕೆಲಸವಿದ್ದರೆ ಅದು ತೆರೆಯುತ್ತಿದ್ದಿತು.

ಗುರುವಿಗೂ ಅಂತೇವಾಸಿಗೂ ಇದ್ದ ಸಂಬಂಧವನ್ನು ಇತ್ಸಿಂಗನು ಇನ್ನೊಂದೆಡೆಯಲ್ಲಿ ವಿವರಿಸಿದ್ದಾನೆ. ಶಿಷ್ಯನು ರಾತ್ರಿಯ ಮೊದಲನೆಯ ಯಾಮದಲ್ಲಿಯೂ ಕೊನೆಯ ಯಾಮದಲ್ಲಿಯೂ ಗುರುವಿನ ಬಳಿಗೆ ಹೋಗುವನು. ಗುರುವು ಮೊದಲು ಅವನನ್ನು ಸುಖವಾಗಿ ಕುಳಿತುಕೊಳ್ಳಹೇಳಿ, ತ್ರಿಪಿಟಕದಿಂದ ಸಮಯೋಚಿತವಾದ ಭಾಗವನ್ನಾರಿಸಿ ಪಾಠಹೇಳುವನು. ಅರ್ಥವಾಗದ ಯಾವುದನ್ನೂ ವಿವರಿಸದೆ ಬಿಡನು. ಶಿಷ್ಯನ ನಡತೆಯಲ್ಲಿ ದೋಷ ಕಂಡರೆ ತಿದ್ದುವನು. ಶಿಷ್ಯನು ಗುರುವಿನ ಮೈಯನ್ನು ಒತ್ತುವನು, ಬಟ್ಟೆಗಳನ್ನು ಮಡಿಸಿಡುವನು, ಕೊಠಡಿಯನ್ನೂ ಅಂಗಳವನ್ನೂ ಗುಡಿಸುವನು, ನೀರಿನಲ್ಲಿ ಕ್ರಿಮಿಗಳಿಲ್ಲವೆಂಬುದನ್ನು ಪರೀಕ್ಷಿಸಿ ತಂದುಕೊಡುವನು. ಇಷ್ಟನ್ನು ಧರ್ಮಸೂತ್ರಗಳಿಂದಲೂ ಊಹಿಸಬಹುದು. ಆದರೆ ಇತ್ಸಿಂಗನು ಇಲ್ಲಿಗೇ ನಿಲ್ಲದೆ ಮುಂದುವರಿದು ಹೇಳುವ ಮಾತು ಅಮೂಲ್ಯವಾದುದು. ಶಿಷ್ಯನು ರೋಗದಿಂದ ಮಲಗಿದರೆ ಗುರುವೇ ಅವನ ಶುಶ್ರೂಷೆಗೆ ನಿಲ್ಲುವನು. ಬೇಕಾದ ಔಷಧವನ್ನು ತಾನೇ ಒದಗಿಸುವನು. ಹೆತ್ತ ಮಗುವನ್ನು ನೋಡಿಕೊಳ್ಳುವಂತೆ ನೋಡಿಕೊಳ್ಳುವನು.

ಶುಶ್ರೂಷೆಯೆಂಬ ಶಬ್ದಕ್ಕೆ ಕೇಳಬೇಕೆಂಬ ಇಚ್ಛೆಯೆಂದು ಮೂಲಾರ್ಥ. ಅದೇ ಶಬ್ದವು ಕಾಲಕ್ರಮದಲ್ಲಿ ಪರಿಚರ್ಯೆಯೆಂಬ ಅರ್ಥವನ್ನು ತಾಳಿ, ಈಗ ಕನ್ನಡದಲ್ಲಿ ರೋಗಿಯ ಆರೈಕೆಯೆಂಬ ಅರ್ಥದಲ್ಲಿ ಮುಖ್ಯವಾಗಿ ಪ್ರಯೋಗವಾಗುತ್ತಿದೆ. ಕೇಳುವ ಇಚ್ಛೆ, ಸೇವೆ, ಆರೈಕೆ ಎಂಬ ಮೂರು ಅರ್ಥಗಳೂ ಒಂದೇ ದಿನಚರಿಯಲ್ಲಿ ಕೂಡಿಕೊಂಡಿದ್ದುದನ್ನು ಇತ್ಸಿಂಗನ ವರ್ಣನೆಯಲ್ಲಿ ಕಾಣಬಹುದು. ಶಿಷ್ಯನು ಗುರುವಿಗೆ ಮಾಡತಕ್ಕುದನ್ನು ಆವಶ್ಯಕವಾದಾಗ ಗುರುವು ಶಿಷ್ಯನಿಗೆ ಮಾಡುತ್ತಿದ್ದನು. ಸೇವೆಯು ಏಕಮುಖವಾಗಿದ್ದರೆ ಅದನ್ನು ದಾಸ್ಯವೆಂದು ಆಕ್ಷೇಪಿಸುವವರಿಗೆ ಆಸ್ಪದವಿರುತ್ತಿದ್ದಿತು. ಉಭಯಮುಖವಾಗಿದ್ದುದರಿಂದಲೇ ಅದು ಧರ್ಮವೆನಿಸಿತು.

ಇಂತಹ ವ್ಯವಸ್ಥೆಯು ಉತ್ತರದೇಶದ ಬೌದ್ಧವಿಹಾರಗಳಿಗೆ ಮಾತ್ರ ಸೀಮಿತವಾಗಿರಲಿಲ್ಲವೆಂಬುದಕ್ಕೆ ಕರ್ಣಾಟಕದ ಶಾಸನಗಳಲ್ಲಿ ಸೂಚನೆಗಳುಂಟು. ಇತ್ಸಿಂಗನಿಗಿಂತ ಮೂರು ಶತಮಾನಗಳಷ್ಟು ಹಿಂದೆ, ಕದಂಬವಂಶದ ಮೂಲಪುರುಷನಾದ ಮಯೂರಶರ್ಮನು ತನ್ನ ಗುರುವಾದ ವೀರಶರ್ಮನೊಡನೆ ಸ್ವದೇಶವನ್ನು ಬಿಟ್ಟು ಪಲ್ಲವರ ರಾಜಧಾನಿಯಾದ ಕಾಂಚಿಯ ಘಟಿಕಾಸ್ಥಾನಕ್ಕೆ ವೇದಾಧ್ಯಯನಕ್ಕಾಗಿ ಹೋದನೆಂದು ತಾಳಗುಂದದ ಸ್ತಂಭಶಾಸನವು ತಿಳಿಸುತ್ತದೆ. ಅಲ್ಲಿ ಪಲ್ಲವರ ರಾವುತನೊಬ್ಬನಿಂದ ಅವಮಾನಿತನಾಗಿ ಅವನು ವಿದ್ಯೆಯನ್ನು ಬಿಟ್ಟು ಕತ್ತಿಯನ್ನು ಹಿಡಿದುದು ಪ್ರಸಿದ್ಧವಾದ ಕಥೆ. ಆ ಸಂದರ್ಭದಲ್ಲಿ ಶಾಸನಕವಿಯಾದ ಕುಬ್ಜನು ಮಯೂರಶರ್ಮನ ಕೈಯನ್ನು ವರ್ಣಿಸುವಾಗ, ದರ್ಭೆ, ಸಮಿತ್ತು, ಸ್ರುಕ್ಕು ಮೊದಲಾದುವನ್ನು ಹಿಡಿಯುವುದರಲ್ಲಿ ನುರಿತ ಕೈಯೆಂದೇ ಹೇಳುತ್ತಾನೆ. ಸಮಿತ್ತನ್ನು ಹೊರುವುದು ಬ್ರಹ್ಮಚಾರಿಯ ನಿತ್ಯದ ಸೇವೆ. ಕ್ರಿ. ಶ. ೯೪೫ರ ಸಾಲೋಟಗಿಯ ಶಾಸನದಲ್ಲಿ ನಾನಾ ಜನಪದಗಳಿಂದ ಬಂದ ವಿದ್ಯಾರ್ಥಿಗಳ ನಿವಾಸಕ್ಕೂ ನಿರ್ವಾಹಕ್ಕೂ ಭೂಮಿಯನ್ನು ಬಿಟ್ಟ ವಿಷಯವಿದೆ. ಪರಸ್ಥಳದ ವಿದ್ಯಾರ್ಥಿಯು ನಮ್ಮ ನಾಡಿಗೂ ಅಪರಿಚಿತನಲ್ಲ. ಆದರೆ ತನ್ನ ದಿನಚರಿಯನ್ನು ಬರೆದಿಟ್ಟವನು ಅವರಲ್ಲಿ ಒಬ್ಬನೂ ಇಲ್ಲ. ಇತ್ಸಿಂಗನ ಬರಹದ ಬೆಲೆಯು ಇದರಿಂದ ಇಮ್ಮಡಿಯಾಗುತ್ತದೆ.

೩

ಅವನು ವ್ಯಾಕರಣಪಾಠದ ಕ್ರಮವನ್ನು ಹೇಳುವ ಭಾಗವು ಸಂಸ್ಕೃತಜ್ಞರಿಗೆ ವಿಶೇಷವಾಗಿ ರಂಜಕವಾಗಿದೆ. ಮಕ್ಕಳು ಆರನೆಯ ವಯಸ್ಸಿನಲ್ಲಿ ಸಿದ್ಧಮೆಂಬ ವರ್ಣಮಾಲಾಪಾಠವನ್ನು ಆರಂಭಿಸಿ ಆರು ತಿಂಗಳಲ್ಲಿ ಮುಗಿಸುವರು. ಎಂಟನೆಯ ವಯಸ್ಸಿನಲ್ಲಿ ಪಾಣಿನಿಯ ಸೂತ್ರಪಾಠವನ್ನು ಹಿಡಿದು ಎಂಟು ತಿಂಗಳಲ್ಲಿ ಕಂಠಸ್ಥಮಾಡುವರು. ಬಳಿಕ ಧಾತುಪಾಠ, ಹತ್ತನೆಯ ವಯಸ್ಸಿನಿಂದ ಮೂರು ವರ್ಷ ಖಿಲಗಳು. ಹದಿನೈದನೆಯ ವಯಸ್ಸಿನಲ್ಲಿ ಹದಿನೆಂಟು ಸಾವಿರ ಶ್ಲೋಕಪರಿಮಾಣದ ವೃತ್ತಿಸೂತ್ರ; ಇದಕ್ಕೆ ಐದು ವರ್ಷ ಹಿಡಿಯುವುದು. ಇದರ ಮೇಲೆ ಹೇತುವಿದ್ಯೆ, ಅಭಿಧರ್ಮ. ಪ್ರೌಢರಿಗೆ ಪತಂಜಲಿಯ ಚೂರ್ಣಿ, ಭರ್ತೃಹರಿಯ ಗ್ರಂಥಗಳು. ಚೀನದಿಂದ ಬರುವವರು ಮೊಟ್ಟಮೊದಲು ಈ ವೃತ್ತಿಸೂತ್ರವನ್ನು ಓದಲೇಬೇಕು, ಇಲ್ಲವಾದರೆ ಅವರ ಶ್ರಮವೆಲ್ಲ ನಿಷ್ಫಲವೆಂದು ಅವನು ಎಚ್ಚರಿಸುತ್ತಾನೆ. ಮೂವತ್ತೇಳನೆಯ ವಯಸ್ಸಿನಲ್ಲಿ ಆರುವರ್ಷದ ಬಾಲಕರ ಪಾಠದಿಂದ ಆರಂಭಿಸಬೇಕಾಗಿ ಬಂದವನ ಅನುಭವವು ಈ ಎಚ್ಚರಿಕೆಯ ಹಿಂದೆ ನಿಂತಿದೆ.

ಈ ಪ್ರಸಂಗದಲ್ಲಿಯೇ ಅವನು ವೃತ್ತಿಸೂತ್ರಕಾರನಾದ ಜಯಾದಿತ್ಯನು ತೀರಿ ಸುಮಾರು ಮೂವತ್ತು ವರ್ಷಗಳಾದುವೆಂದೂ, ಭರ್ತೃಹರಿಯು ತೀರಿ ನಲವತ್ತು ವರ್ಷಗಳಾದುವೆಂದೂ, ಭರ್ತೃಹರಿಯು ಏಳು ಸಲ ಭಿಕ್ಷುವಾಗಿ ಏಳು ಸಲ ಗೃಹಸ್ಥಾಶ್ರಮಕ್ಕೆ ಮರಳಿದನೆಂದೂ ಹೇಳಿರುವುದು. ಗ್ರಂಥವು ಕ್ರಿ. ಶ. ೬೯೨ರಲ್ಲಿ ಚೀನಕ್ಕೆ ಕಳುಹಿಸಲ್ಪಟ್ಟುದರಿಂದ, ಲೆಕ್ಕಹಾಕಿ ಭರ್ತೃಹರಿಯ ನಿಧನವನ್ನು ಸುಮಾರು ೬೫೧ರಲ್ಲಿಯೂ ಜಯಾದಿತ್ಯನ ನಿಧನವನ್ನು ಸುಮಾರು ೬೬೧ರಲ್ಲಿಯೂ ಇರಿಸಿದರು. ೧೮೯೬ರಲ್ಲಿ ತಕಾಕುಸು ಎಂಬ ಜಪಾನೀ ವಿದ್ವಾಂಸನು ಈ ಗ್ರಂಥವನ್ನು ಇಂಗ್ಲಿಷಿಗೆ ಪರಿವರ್ತಿಸಿ ಪ್ರಕಟಿಸಿದಂದಿನಿಂದ ಅರ್ಧಶತಮಾನಕ್ಕೂ ಮೇಲಾಗಿ ಈ ವರ್ಷಗಳು ವ್ಯಾಕರಣಶಾಸ್ತ್ರದ ಇತಿಹಾಸಕ್ಕೆ ಆಧಾರಸ್ತಂಭಗಳಂತೆ ನಿಂತಿದ್ದುವು.

ಆ ಸ್ತಂಭಗಳಲ್ಲಿ ಒಂದನ್ನು ಅಲುಗಿಸಿದವರಲ್ಲಿ ಮೈಸೂರಿನ ಎಚ್. ಆರ್. ರಂಗಸ್ವಾಮಿ ಅಯ್ಯಂಗಾರ್ಯರು ಪ್ರಮುಖರು. ಬೌದ್ಧತಾರ್ಕಿಕನಾದ ದಿಙ್ನಾಗನ ಪ್ರಮಾಣಸಮುಚ್ಚಯದಲ್ಲಿ ವಾಕ್ಯಪದೀಯದ ಕಾರಿಕೆಗಳು ಉದ್ಧೃತವಾಗಿರುವುದನ್ನು ಅವರು ೧೯೫೧ರಲ್ಲಿ ತೋರಿಸಿಕೊಟ್ಟರು. ದಿಙ್ನಾಗನ ಗ್ರಂಥವೊಂದನ್ನು ಚೀನಭಾಷೆಗೆ ಪರಿವರ್ತಿಸಿದ ಪರಮಾರ್ಥನು ೫೬೯ರಲ್ಲಿಯೇ ತೀರಿಕೊಂಡವನು. ದಿಙ್ನಾಗನು ಆತನಿಗಿಂತ ಹಿಂದಿನವನು. ದಿಙ್ನಾಗನು ಉದಾಹರಿಸಿದ ಭರ್ತೃಹರಿಯು ಅವನಿಗಿಂತಲೂ ಹಿಂದಿನವನಾಗಲೇಬೇಕು. ಹೀಗಾಗಿ ವಿದ್ವಾಂಸರು ಭರ್ತೃಹರಿಯನ್ನು ಕ್ರಿ. ಶ. ೫ನೆಯ ಶತಮಾನಕ್ಕೆ ಸೇರಿಸುತ್ತಾರೆ. ಇತ್ಸಿಂಗನ ನಲವತ್ತು ವರ್ಷಗಳು ನಿಜವಾಗಿ ಸುಮಾರು ಇನ್ನೂರು ವರ್ಷಗಳಾಗಿದ್ದುವು. ಶಬ್ದಬ್ರಹ್ಮಸ್ತುತಿಯಿಂದ ತೊಡಗುವ ವಾಕ್ಯಪದೀಯದ ಕರ್ತೃವನ್ನು ಬೌದ್ಧಭಿಕ್ಷುವೆಂದು ಒಪ್ಪುವುದೂ ಕಠಿನವೇ. ಜಯಾದಿತ್ಯನ ವಿಷಯದಲ್ಲಿಯೂ ತೊಡಕುಂಟು. ಪತಂಜಲಿಯ ಚೂರ್ಣಿಯು ವೃತ್ತಿಸೂತ್ರಕ್ಕೆ ವ್ಯಾಖ್ಯಾನವೆಂದು ಇತ್ಸಿಂಗನು ಹೇಳುತ್ತಾನೆ. ವೃತ್ತಿಸೂತ್ರವೆಂದರೆ ಕಾಶಿಕೆಯೇ ಆಗಿದ್ದ ಪಕ್ಷದಲ್ಲಿ, ಎಷ್ಟೋ ಶತಮಾನಗಳ ಹಿಂದಿನ ಪತಂಜಲಿಯು ಅದಕ್ಕೆ ವ್ಯಾಖ್ಯಾನ ಬರೆದಿರುವುದು ಅಸಂಭವ. ಕಾಶಿಕೆಯ ಇನ್ನೊಬ್ಬ ಕರ್ತೃವೆಂದು ಸಂಪ್ರದಾಯದಲ್ಲಿ ಪ್ರಸಿದ್ಧನಾದ ವಾಮನನ ಹೆಸರನ್ನೂ ಅವನು ಎತ್ತುವುದಿಲ್ಲ.

ಹಾಗಾದರೆ ಇತ್ಸಿಂಗನು ಅಪ್ರಮಾಣನೆಂದು ತಳ್ಳಿಬಿಡಬಹುದೇ ಎಂದರೆ, ಕೂಡದು. ಭರ್ತೃಹರಿಯನ್ನು ಅವನು ಕಾಣಲಿಲ್ಲ. ಯಾರೋ ಹೇಳಿದುದನ್ನು ಕೇಳಿ ಬರೆದನು. ನಾಲಂದೆಯ ಅಂಗಳವನ್ನು ಗುಡಿಸುತ್ತಿದ್ದ ಶಿಷ್ಯನನ್ನು ಅವನು ಹತ್ತು ವರ್ಷ ದಿನವೂ ಕಂಡನು. ಸಾಕ್ಷಿಯ ವಚನವನ್ನು ಪರೀಕ್ಷಿಸುವಾಗ ಶ್ರುತವನ್ನೂ ದೃಷ್ಟವನ್ನೂ ಬೇರ್ಪಡಿಸುವುದು ಪ್ರಾಮಾಣಿಕರ ಮೊದಲನೆಯ ಕರ್ತವ್ಯ. ಅಲ್ಲದೆ ಇತ್ಸಿಂಗನು ಗ್ರಂಥವನ್ನು ಬರೆದ ಉದ್ದೇಶವೇ ಭಿಕ್ಷುಗಳ ಆಚಾರವನ್ನು ಸ್ವದೇಶದವರಿಗೆ ಯಥಾವತ್ತಾಗಿ ತಿಳಿಸುವುದು. ಊಟಕ್ಕೆ ಮುನ್ನ ಕೈತೊಳೆಯುವ ಬಗೆ, ದಂತಕಾಷ್ಠದ ಉಪಯೋಗ, ನೀರನ್ನು ಸೋಸುವ ಕ್ರಮ, ರೋಗಿಯ ಪಥ್ಯ ಮೊದಲಾದ ವಿಷಯಗಳಲ್ಲಿ ಅವನು ತೋರಿಸುವ ಸೂಕ್ಷ್ಮತೆಯು ವಿನಯಶಾಸ್ತ್ರವನ್ನು ಐದು ವರ್ಷ ಓದಿದವನಿಗೆ ಸಹಜವಾದುದು. ಎರಡು ಆಚಾರಗಳಲ್ಲಿ ವ್ಯತ್ಯಾಸ ಕಂಡಲ್ಲಿ ಅವನು ಅದನ್ನು ಮರೆಮಾಚದೆ, ಸ್ವದೇಶದವರು ತಪ್ಪುತ್ತಿರುವರೆಂದು ನಿಷ್ಠುರವಾಗಿ ಹೇಳುತ್ತಾನೆ. ಆದಕಾರಣ ಕಾಲನಿರ್ಣಯದಲ್ಲಿ ಅವನನ್ನು ಶಂಕಿಸತಕ್ಕವರೂ ವಿದ್ಯಾರ್ಥಿಜೀವನದ ವಿಷಯದಲ್ಲಿ ಅವನನ್ನು ನಂಬಬಹುದು.

೪

ಇನ್ನು ಇತ್ಸಿಂಗನು ತಾನು ಮಾಡಿದ ಸೇವೆಯ ವಿಚಾರ. ಅವನು ಮಹಾಬೋಧಿಗೆ ಹೋದಾಗ ತನ್ನೊಬ್ಬನ ಪುಣ್ಯಕ್ಕಾಗಿ ಹೋಗಲಿಲ್ಲ. ಷಾಂಟುಂಗ್ ಪ್ರಾಂತದ ಭಿಕ್ಷುಗಳೂ ಗೃಹಸ್ಥರೂ ಕೊಟ್ಟಿದ್ದ ರೇಷ್ಮೆಯಿಂದ ತಥಾಗತನ ಪ್ರಮಾಣಕ್ಕೆ ತಕ್ಕ ಕಾಷಾಯವಸ್ತ್ರವನ್ನು ಮಾಡಿಸಿ ಅಲ್ಲಿಯ ಬುದ್ಧಮೂರ್ತಿಗೆ ಹೊದಿಸಿದನು. ಒಬ್ಬ ವಿನಯಾಚಾರ್ಯನು ಒಪ್ಪಿಸಿದ್ದ ಸಣ್ಣ ಛತ್ರಗಳನ್ನು ಸಮರ್ಪಿಸಿದನು. ಬರಲಾರದ ಮತ್ತೊಬ್ಬ ಆಚಾರ್ಯನ ಪರವಾಗಿ ತಾನು ಸಾಷ್ಟಾಂಗವೆರಗಿದನು. ಊರಿನಲ್ಲಿ ಉಳಿದವರ ಹರಕೆಗಳನ್ನೆಲ್ಲ ಹೊತ್ತು ಬಂದವನು ಅವನು.

ಅವನು ಮಾಡಿದ ದೊಡ್ಡ ಸೇವೆಯೆಂದರೆ ತನ್ನಂತೆಯೇ ವಿದ್ಯಾರ್ಥಿಗಳಾಗಿ ಬಂದು ಹೆಸರಿಲ್ಲದೆ ಅಳಿದವರ ಸ್ಮರಣೆಯನ್ನು ಉಳಿಸಿದುದು. ತಾಂಗ್ ವಂಶದ ಕಾಲದಲ್ಲಿ ಧರ್ಮವನ್ನರಸಿ ಪಶ್ಚಿಮಕ್ಕೆ ಬಂದ ಐವತ್ತಕ್ಕೂ ಮಿಕ್ಕ ಭಿಕ್ಷುಗಳ ಚರಿತ್ರೆಗಳನ್ನು ಅವನು ಪ್ರತ್ಯೇಕವಾದೊಂದು ಗ್ರಂಥದಲ್ಲಿ ಸಂಗ್ರಹಿಸಿದ್ದಾನೆ; ಫ್ರೆಂಚ್ ವಿದ್ವಾಂಸನಾದ ಶಾವಾನ್ ೧೮೯೪ರಲ್ಲಿ ಅದನ್ನು ಪರಿವರ್ತಿಸಿದನು. ಅದರಲ್ಲಿ ಚೀನದವರಲ್ಲದೆ ಕೊರಿಯದವರೂ ಅನ್ನಾಮಿನವರೂ ಇದ್ದಾರೆ. ಅನೇಕರು ಸಮುದ್ರದಲ್ಲಿಯೋ ರೋಗದಿಂದಲೋ ಮಡಿದರು, ಹಿಂದಿರುಗಿದವರು ಕೆಲವರೇ. ನಾಲಂದೆಯಲ್ಲಿ ಒಮ್ಮೆ ಇತ್ಸಿಂಗನು ಚೀನೀ ಗ್ರಂಥಗಳನ್ನು ಪರಿಶೀಲಿಸುತ್ತಿದ್ದಾಗ, ಒಂದು ಪ್ರತಿಯ ಕೆಳಗೆ, ಕೊರಿಯದ ಸಿಲ್ಲಾದೇಶದ ಭಿಕ್ಷು ಹುಯಿ-ಯೆ ಎಂಬುವನು ದಂತಕಾಷ್ಠವೃಕ್ಷದ ಕೆಳಗೆ ಕುಳಿತು ಇದನ್ನು ಬರೆದನೆಂಬ ಲೇಖವು ಕಣ್ಣಿಗೆ ಬಿದ್ದಿತು. ವಿಹಾರದ ಭಿಕ್ಷುಗಳನ್ನು ವಿಚಾರಿಸಲಾಗಿ, ಅವನು ಅರವತ್ತರ ಸಮೀಪದ ವಯಸ್ಸಿನಲ್ಲಿ ಅಲ್ಲಿಯೇ ತೀರಿಕೊಂಡನೆಂದು ತಿಳಿದುಬಂದಿತು. ಹುಯಿ-ಯೆಯನ್ನು ಲೋಕವು ಬಲ್ಲುದಾದರೆ ಅದು ಮುಖ್ಯವಾಗಿ ಇತ್ಸಿಂಗನು ಆ ಲೇಖವನ್ನು ನೋಡಿ ಸುಮ್ಮನಾಗದೆ ವಿಚಾರಿಸಿದುದರಿಂದ.

ಆ ಗ್ರಂಥದಲ್ಲಿ ಚಾಂಗ್-ಮಿನ್ ಎಂಬ ಭಿಕ್ಷುವಿನ ಚರಿತ್ರೆಯೂ ಇದೆ. ಭರತಖಂಡಕ್ಕೆ ಬರುತ್ತಿದ್ದಾಗ ಅವನಿದ್ದ ಹಡಗು ಭಾರವು ಹೆಚ್ಚಾಗಿ ಮುಳುಗತೊಡಗಿತು. ಜನರು ಸಣ್ಣ ದೋಣಿಗಾಗಿ ನೂಕಾಡುತ್ತಿದ್ದರು. ಶ್ರದ್ಧಾಳುವಾದ ಹಡಗಿನ ಯಜಮಾನನು ಭಿಕ್ಷುವನ್ನು ದೋಣಿಗೆ ಬರುವಂತೆ ಕೂಗಿ ಕರೆದನು. ಬೇರೆಯವರನ್ನು ಹತ್ತಿಸಿಕೊಳ್ಳಿರೆಂದು ಹೇಳಿ ಚಾಂಗ್-ಮಿನ್ ಅಲ್ಲಿಯೇ ಪಶ್ಚಿಮಾಭಿಮುಖನಾಗಿ ಕೈಮುಗಿದು ಅಮಿತಾಭನ ನಾಮವನ್ನು ಜಪಿಸುತ್ತ ಮುಳುಗಿದನು. ಅವನ ಶಿಷ್ಯನೂ ಗುರುವನ್ನು ಬಿಡದೆ ಅವನೊಡನೆ ಮುಳುಗಿದನು. ನಾಲಂದೆಯನ್ನು ಕಾಣದೆ ಹೋದ ಈ ವಿದ್ಯಾರ್ಥಿಯನ್ನು ಇತ್ಸಿಂಗನು ನಾಲಂದೆಯಲ್ಲಿ ಪಂಡಿತರೆನಿಸಿಕೊಂಡವರ ಸಾಲಿನಲ್ಲಿಯೇ ಕೂರಿಸಿದ್ದಾನೆ. ಅವನ ಮ��ೋಭಾವವನ್ನು ತಿಳಿಯುವುದಕ್ಕೆ ಇಷ್ಟು ಸಾಕು.

೬೮೫ರಲ್ಲಿ ಸುಮಾರು ನಾನೂರು ಗ್ರಂಥಗಳನ್ನು, ಐದು ಲಕ್ಷ ಶ್ಲೋಕಪರಿಮಾಣದ ಭಂಡಾರವನ್ನು, ತೆಗೆದುಕೊಂಡು ಅವನು ನಾಲಂದೆಯನ್ನು ಬಿಟ್ಟನು. ತಾಮ್ರಲಿಪ್ತಿಯ ದಾರಿಯಲ್ಲಿ ಮತ್ತೊಮ್ಮೆ ಕಳ್ಳರ ಕೈಗೆ ಸಿಕ್ಕಿ ಜೀವಸಹಿತ ಉಳಿದನು. ಶ್ರೀವಿಜಯದಲ್ಲಿ ನಿಂತು ಭಾಷಾಂತರಕ್ಕೆ ತೊಡಗಿದಾಗ ಅಲ್ಲಿ ಕಾಗದವೂ ಮಸಿಯೂ ಬರಹಗಾರರೂ ದೊರೆಯಲಿಲ್ಲ. ಇವನ್ನು ಕಳುಹಿಸಬೇಕೆಂದು ಕ್ಯಾಂಟನ್ನಿಗೆ ಪತ್ರವನ್ನು ಕೊಡುವುದಕ್ಕಾಗಿ ೬೮೯ರಲ್ಲಿ ಹಡಗೊಂದನ್ನು ಹತ್ತಿದನು. ಅಷ್ಟರಲ್ಲಿ ಅನುಕೂಲವಾದ ಗಾಳಿ ಬೀಸಿ ವರ್ತಕರು ಹಾಯಿಗಳನ್ನೆತ್ತಿಬಿಟ್ಟರು. ಪತ್ರದ ಬದಲು ಅವನೇ ಕ್ಯಾಂಟನ್ನಿಗೆ ಹೋಗಿ ಸೇರಿದನು. ಹದಿನೆಂಟು ವರ್ಷಗಳ ಮೇಲೆ ಅಯಾಚಿತವಾಗಿ ಸ್ವದೇಶಕ್ಕೆ ಬಂದವನು ಅಲ್ಲಿಯೇ ನಿಂತುಬಿಡಬಹುದಾಗಿತ್ತು. ಗ್ರಂಥಗಳು ಶ್ರೀವಿಜಯದಲ್ಲಿದ್ದುದರಿಂದ, ನಾಲ್ವರು ಸಹಾಯಕರನ್ನು ಕೂಡಿಕೊಂಡು ಅದೇ ವರ್ಷವೇ ಮತ್ತೆ ಸಮುದ್ರವನ್ನು ದಾಟಿದನು. ೬೯೫ರಲ್ಲಿ ಕೊನೆಯದಾಗಿ ಲೋಯಾಂಗ್ ನಗರಕ್ಕೆ ಹಿಂದಿರುಗಿದಾಗ ವೂ ಸಾಮ್ರಾಜ್ಞಿಯು ನಗರದ ಬಾಗಿಲಿನ ಹೊರಗೆ ಬಂದು ಅವನನ್ನು ಎದುರುಗೊಂಡಳು. ೭೧೩ರಲ್ಲಿ ಕಾಲವಾಗುವುದರೊಳಗೆ ಅವನು ಮೂಲಸರ್ವಾಸ್ತಿವಾದದ ವಿನಯಗ್ರಂಥಗಳೇ ಮೊದಲಾಗಿ ೫೬ ಗ್ರಂಥಗಳನ್ನು ೨೩೦ ಸಂಪುಟಗಳಲ್ಲಿ ಚೀನಭಾಷೆಗೆ ಪರಿವರ್ತಿಸಿದನು. ಅವುಗಳಲ್ಲಿ ಹಲವಕ್ಕೆ ಸಂಸ್ಕೃತಮೂಲವು ಪೂರ್ತಿಯಾಗಿ ದೊರೆಯುವುದಿಲ್ಲ. ಅವನ ಭಾಷಾಂತರವೇ ಮೂಲದ ಸ್ಥಾನದಲ್ಲಿ ನಿಂತಿದೆ.

ಮುಂದೆ ಬರತಕ್ಕ ವಿದ್ಯಾರ್ಥಿಗಳಿಗೂ ಅವನು ಮಾರ್ಗವನ್ನು ಹೇಳಿಟ್ಟನು. ಶ್ರೀವಿಜಯದಲ್ಲಿ ಸಾವಿರಕ್ಕೆ ಮೇಲ್ಪಟ್ಟು ಭಿಕ್ಷುಗಳು ಮಧ್ಯದೇಶದ ಪದ್ಧತಿಯಂತೆಯೇ ಅಧ್ಯಯನ ಮಾಡುತ್ತಿರುವರಾದ್ದರಿಂದ, ಒಂದೆರಡು ವರ್ಷ ಅಲ್ಲಿದ್ದು ಆಚಾರಗಳನ್ನು ರೂಢಿಸಿಕೊಂಡು ಬಳಿಕ ಭರತಖಂಡಕ್ಕೆ ಹೋಗುವುದು ಲೇಸೆಂಬುದು ಅವನ ಸಲಹೆ. ತಾಮ್ರಲಿಪ್ತಿಯಲ್ಲಿ ಮಹಾಯಾನಪ್ರದೀಪನು ತನಗೆ ಮಾಡಿದ ಉಪಕಾರವನ್ನು ಅವನು ಹೀಗೆ ಕಾಣದ ವಿದ್ಯಾರ್ಥಿಗಳಿಗೆ ಸಲ್ಲಿಸಿದನು. ಮಹಾಯಾನಪ್ರದೀಪನಾದರೋ ಸ್ವದೇಶವನ್ನು ಮತ್ತೆ ಕಾಣದೆ ಕುಶಿನಗರದ ವಿಹಾರದಲ್ಲಿ ದೇಹವನ್ನು ಬಿಟ್ಟಿದ್ದನು.

ಮೊದಲಿನಲ್ಲಿ ಹೇಳಿದ ಸುಭಾಷಿತವು ವಿದ್ಯೆಯನ್ನು ಪಡೆಯುವ ಮೂರು ಮಾರ್ಗಗಳನ್ನು ಎಣಿಸುತ್ತದೆ. ಪಡೆದ ವಿದ್ಯೆಯ ಋಣವನ್ನು ತೀರಿಸುವ ಮಾರ್ಗವನ್ನು ಅದು ಹೇಳುವುದಿಲ್ಲ; ಅದನ್ನು ಇತ್ಸಿಂಗನ ಚರಿತ್ರೆಯಿಂದ ತಿಳಿಯಬೇಕಾಗಿದೆ. ಭರ್ತೃಹರಿಯ ಕಾಲವನ್ನು ಅವನಿಂದ ತಿಳಿಯಹೋದವರು ಇನ್ನೂರು ವರ್ಷಗಳಷ್ಟು ತಪ್ಪಿದರು. ಗುರುವಿನ ಕೊಠಡಿಯನ್ನು ಗುಡಿಸಿದ ಕೈಯೇ ಐದು ಲಕ್ಷ ಶ್ಲೋಕಗಳ ಭಾರವನ್ನು ಹೊತ್ತು ಸಮುದ್ರವನ್ನು ದಾಟಿಸಬಲ್ಲುದೆಂಬುದನ್ನು ಅವನಿಂದ ತಿಳಿಯುವವರು ತಪ್ಪುವಂತಿಲ್ಲ.